ಡಿಲೀಟ್ ಆಗದ ಫೈಲ್: ಅದನ್ನು ಹಿಡಿದುಕೊಂಡವರು ಯಾರು?

ಪ್ರಶ್ನೆ: ನಮಸ್ಕಾರ ಸರ್. ಜಮಖಂಡಿಯಲ್ಲಿ ನಮ್ಮದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇದೆ. ಎರಡು ಸಿಸ್ಟಂ, ಎರಡರಲ್ಲೂ ವಿಂಡೋಸ್ 11. ಒಂದರ ಫೋಲ್ಡರನ್ನು ಇನ್ನೊಂದರಲ್ಲೂ ತೆರೆಯಲು ಶೇರ್ ಮಾಡಿಕೊಂಡಿದ್ದೇವೆ. ಗಿರಾಕಿಗಳ ಉತಾರ (ಪಹಣಿ), ಆಧಾರ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿದ್ದನ್ನು ದಿನಾ ಸಂಜೆ ಅಳಿಸುತ್ತೇನೆ. ಈಗ ಒಂದು ಫೋಲ್ಡರ್ ಡಿಲೀಟ್ ಆಗುತ್ತಿಲ್ಲ, ‘ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ’ ಅನ್ನುತ್ತದೆ. ಎಲ್ಲಾ ಮುಚ್ಚಿದರೂ ಅದೇ ಮಾತು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಇದಕ್ಕೆ ಹಾಕಿದ್ದೇವೆ, ಅದರ ಫೈಲ್ ಮುಟ್ಟಿದರೆ ‘ಪರ್ಮಿಷನ್ ಬೇಕು’ ಅಂತ ಬರುತ್ತದೆ. ಇನ್ನೊಂದು ಫೋಲ್ಡರ್ ಕಣ್ಣಿಗೆ ಕಾಣುತ್ತದೆ, ಡಿಲೀಟ್ ಹೊಡೆದರೆ ‘ಅಂಥದ್ದು ಇಲ್ಲಿ ಇಲ್ಲ’ ಅನ್ನುತ್ತದೆ. ಪೆನ್ ಡ್ರೈವ್‌ನಲ್ಲಿ ಶಾರ್ಟ್‌ಕಟ್ ಫೈಲ್ ಅಳಿಸಿದಷ್ಟೂ ಮತ್ತೆ ಹುಟ್ಟುತ್ತದೆ. ನಮ್ಮ ಅಣ್ಣ ‘ಎಲ್ಲಾ ಫಾರ್ಮ್ಯಾಟ್ ಹೊಡೆದುಬಿಡು’ ಅಂತಾನೆ. ಇವನ್ನೆಲ್ಲ ಒಂದೇ ಸಲಕ್ಕೆ ಅಳಿಸುವ ಸಾಫ್ಟ್‌ವೇರ್ ಏನಾದರೂ ಇದೆಯಾ?

ಉತ್ತರ: ನಮಸ್ಕಾರ. ಮೊದಲ ಮಾತು, ನಿಮ್ಮ ಸಿಸ್ಟಂ ಫಾರ್ಮ್ಯಾಟ್ ಮಾಡಬೇಡಿ. ನಾಲ್ಕು ಫೈಲ್ ಅಳಿಸಲು ಹೋಗಿ ನುಡಿ, ಸ್ಕ್ಯಾನರ್ ಡ್ರೈವರ್, ಬೆರಳ ಗುರುತು ಓದುವ ಯಂತ್ರದ ಆರ್‌ಡಿ ಸರ್ವಿಸ್, ಪ್ರಿಂಟರ್ ಶೇರಿಂಗ್ ಎಲ್ಲವನ್ನೂ ಹೊಸದಾಗಿ ಕೂರಿಸಬೇಕಾಗುತ್ತದೆ. ಅಂಗಡಿಯ ಒಂದು ದಿನದ ವ್ಯಾಪಾರ ಸುಮ್ನೆ ಹೋಗುತ್ತದೆ. ಅಷ್ಟು ಮಾಡಿದರೂ ಪೆನ್ ಡ್ರೈವ್ ತೊಂದರೆ ಮೊದಲ ಗಿರಾಕಿಯ ಜೊತೆಗೇ ವಾಪಸ್ ಬರಬಹುದು.

ಎಲ್ಲವನ್ನೂ ಒಂದೇ ಏಟಿಗೆ ಅಳಿಸುವ ಸಾಫ್ಟ್‌ವೇರ್ ಹುಡುಕುವುದೂ ಬೇಡ. ನೀವು ಬರೆದ ನಾಲ್ಕು ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣ ಇವೆ. ಒಳ್ಳೆಯ ಸಂಗತಿ ಏನೆಂದರೆ, ಕಾರಣ ಏನು ಅಂತ ವಿಂಡೋಸ್ ತಾನೇ ಸಂದೇಶದಲ್ಲಿ ಹೇಳುತ್ತಿದೆ. ನೀವು ಆ ಸಂದೇಶಗಳನ್ನು ಓದಿ ಬರೆದು ಕಳಿಸಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ತುಂಬಾ ಜನ ‘ಡಿಲೀಟ್ ಆಗ್ತಿಲ್ಲ’ ಅಂತಷ್ಟೇ ಹೇಳುತ್ತಾರೆ. ಅಷ್ಟರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಸ್ಕ್ಯಾನ್ ಫೋಲ್ಡರ್‌ನಿಂದ ಶುರು ಮಾಡೋಣ. ಅಂಗಡಿಗಳಲ್ಲಿ ಜಾಸ್ತಿ ಕಾಡುವುದು ಇದೇ.

ಒಂದು ಪ್ರೋಗ್ರಾಂ ಫೈಲನ್ನು ತೆರೆದಾಗ ವಿಂಡೋಸ್ ಅದಕ್ಕೆ ಒಂದು ಹ್ಯಾಂಡಲ್ ಕೊಡುತ್ತದೆ. ಹ್ಯಾಂಡಲ್ ಅಂದರೆ ‘ಈ ಫೈಲ್ ಸದ್ಯ ನನ್ನ ಹತ್ತಿರ ಇದೆ’ ಎಂಬ ಲೆಕ್ಕ. ತಾಲೂಕು ಕಚೇರಿಯಲ್ಲಿ ಕಡತ ಯಾರದೋ ಟೇಬಲ್ ಮೇಲೆ ಇದ್ದರೆ ರೆಕಾರ್ಡ್ ರೂಮಿನವರು ಅದನ್ನು ವಿಲೇವಾರಿ ಮಾಡುವುದಿಲ್ಲ ಅಲ್ವಾ, ಹಾಗೆ. ಫೈಲ್ ತೆರೆಯುವಾಗಲೇ ಪ್ರೋಗ್ರಾಂ ಇನ್ನೊಂದು ಮಾತು ತಿಳಿಸುತ್ತದೆ. ನಾನು ಹಿಡಿದುಕೊಂಡಿರುವಾಗ ಬೇರೆಯವರು ಇದನ್ನು ಓದಬಹುದಾ, ಬರೆಯಬಹುದಾ, ಅಳಿಸಬಹುದಾ ಅಂತ. ಅಳಿಸಲು ಒಪ್ಪಿಗೆ ಕೊಡದ ಪ್ರೋಗ್ರಾಂಗಳೇ ಜಾಸ್ತಿ. ಆಗ ನೀವು ಎಷ್ಟು ಸಲ ಡಿಲೀಟ್ ಒತ್ತಿದರೂ ವಿಂಡೋಸ್ ಬಿಡುವುದಿಲ್ಲ. ವಿಂಡೋಸ್ ಬದಲು ಕೆಲವರು ಬಳಸುವ ಲಿನಕ್ಸ್‌ನಲ್ಲಿ ಈ ಪದ್ಧತಿ ಬೇರೆ. ಅಲ್ಲಿ ತೆರೆದ ಫೈಲನ್ನೂ ಅಳಿಸಬಹುದು. ಹೆಸರು ಆಗಲೇ ಹೋಗುತ್ತದೆ, ಜಾಗ ಮಾತ್ರ ಕೊನೆಯ ಪ್ರೋಗ್ರಾಂ ಕೈಬಿಟ್ಟ ಮೇಲೆ ಖಾಲಿಯಾಗುತ್ತದೆ. ವಿಂಡೋಸ್‌ನದು ಕಿರಿಕಿರಿ ಅನಿಸಿದರೂ ಅದರಲ್ಲಿ ಅರ್ಥ ಇದೆ. ಅರ್ಧ ಬರೆದ ಫೈಲ್ ಕೈಯಿಂದ ಜಾರಿ ಹೋಗದಂತೆ ಕಾಯುವ ಏರ್ಪಾಟು ಅದು.

ಹಾಗಾದರೆ ಎಲ್ಲಾ ಮುಚ್ಚಿದ ಮೇಲೂ ಹಿಡಿದುಕೊಂಡವರು ಯಾರು? ನಿಮ್ಮಂಥ ಅಂಗಡಿಯಲ್ಲಿ ಮೊದಲ ಅನುಮಾನ ಪ್ರಿವ್ಯೂ ಪೇನ್ ಮೇಲೆ. ಫೈಲ್ ಎಕ್ಸ್‌ಪ್ಲೋರರ್‌ನ ಬಲಗಡೆ ಪಿಡಿಎಫ್‌ನ ಮೊದಲ ಪುಟ ಕಾಣುತ್ತದಲ್ಲ, ಅದು. ಉತಾರ ಯಾರದು ಅಂತ ತೆರೆಯದೇ ನೋಡಲು ಅನುಕೂಲ. ಆದರೆ ತೋರಿಸಬೇಕಾದರೆ ಫೈಲನ್ನು ತೆರೆಯಲೇಬೇಕು. ಕೆಲವೊಮ್ಮೆ ಅದು ಬೇಗ ಕೈಬಿಡುವುದಿಲ್ಲ. ಆಲ್ಟ್ ಕೀ ಹಿಡಿದು ಪಿ ಒತ್ತಿದರೆ ಪ್ರಿವ್ಯೂ ಪೇನ್ ಮುಚ್ಚುತ್ತದೆ. ಮುಚ್ಚಿ ಒಂದು ನಿಮಿಷ ಬಿಟ್ಟು ಡಿಲೀಟ್ ಮಾಡಿ ನೋಡಿ.

ಎರಡನೇ ಅನುಮಾನ ಸ್ಕ್ಯಾನರ್ ಜೊತೆ ಬಂದ ಸಾಫ್ಟ್‌ವೇರ್ ಮೇಲೆ. ಅದರ ಕಿಟಕಿ ಮುಚ್ಚಿದರೂ ಕೆಳಗಡೆ ಗಡಿಯಾರದ ಪಕ್ಕದ ಸಣ್ಣ ಐಕಾನ್‌ಗಳಲ್ಲಿ ಅದು ಓಡುತ್ತಲೇ ಇರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಯಾವುದೇ ಪ್ರೋಗ್ರಾಂನಲ್ಲಿ ಓಪನ್ ಅಥವಾ ಸೇವ್ ಒತ್ತಿ ಒಂದು ಫೋಲ್ಡರ್ ಆರಿಸಿದರೆ, ಆ ಪ್ರೋಗ್ರಾಂ ಅದೇ ಫೋಲ್ಡರನ್ನು ತನ್ನ ಸದ್ಯದ ಜಾಗ ಅಂತ ಇಟ್ಟುಕೊಳ್ಳಬಹುದು. ನೀವು ಫೈಲ್ ಮುಚ್ಚಿರುತ್ತೀರಿ, ಪ್ರೋಗ್ರಾಂ ಮುಚ್ಚಿರುವುದಿಲ್ಲ. ಆಗ ಒಳಗಿನ ಫೈಲ್‌ಗಳೆಲ್ಲ ಅಳಿಸಿ ಹೋಗುತ್ತವೆ, ಖಾಲಿ ಫೋಲ್ಡರ್ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಖಾಲಿ ಫೋಲ್ಡರ್ ಅಳಿಯದಿದ್ದರೆ ಈ ಕಾರಣವನ್ನೇ ಮೊದಲು ನೋಡಿ.

ಅನುಮಾನ ಸಾಕು, ಹೆಸರನ್ನೇ ಹಿಡಿಯೋಣ. ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ ತೆರೆಯಿರಿ. ಇದು ವಿಂಡೋಸ್ ಜೊತೆಗೇ ಬರುತ್ತದೆ, ಡೌನ್‌ಲೋಡ್ ಮಾಡುವ ಕೆಲಸ ಇಲ್ಲ. ಮೇಲೆ ಸಿಪಿಯು ಅನ್ನುವ ಟ್ಯಾಬ್ ಒತ್ತಿ. ಕೆಳಗೆ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಪಟ್ಟಿ ಮಡಚಿಕೊಂಡಿರುತ್ತದೆ, ಅದನ್ನು ಬಿಡಿಸಿ. ಅದರ ಬಲತುದಿಯಲ್ಲಿ ಹುಡುಕುವ ಚೌಕ ಇದೆ. ಅಳಿಸಲಾಗದ ಫೋಲ್ಡರ್ ಅಥವಾ ಫೈಲ್ ಹೆಸರಿನ ಒಂದು ಭಾಗವನ್ನು ಅಲ್ಲಿ ಹಾಕಿ ಎಂಟರ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಸಾಲುಗಳು ಬರುತ್ತವೆ. ಎಡಗಡೆ ಪ್ರೋಗ್ರಾಂ ಹೆಸರು, ಬಲಗಡೆ ಅದು ಹಿಡಿದುಕೊಂಡ ಫೈಲಿನ ಪೂರ್ತಿ ದಾರಿ. ಅಲ್ಲಿ ಪ್ರೆವ್‌ಹೋಸ್ಟ್ ಎಂದು ಕಂಡರೆ ಅದು ನಾನು ಹೇಳಿದ ಪ್ರಿವ್ಯೂ. ಸ್ಕ್ಯಾನರ್ ಕಂಪನಿಯ ಹೆಸರೋ ವರ್ಡ್ ಹೆಸರೋ ಕಂಡರೆ ಆ ಪ್ರೋಗ್ರಾಂ ತೆರೆದು, ಸೇವ್ ಮಾಡಬೇಕಾದದ್ದನ್ನು ಮಾಡಿ, ಸರಿಯಾಗಿ ಮುಚ್ಚಿ. ಮುಚ್ಚಲು ಕಿಟಕಿಯೇ ಕಾಣದಿದ್ದರೆ ಮಾತ್ರ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಂಡ್ ಪ್ರೋಸೆಸ್ ಒತ್ತಿ. ಎಂಡ್ ಪ್ರೋಸೆಸ್ ಅಂದರೆ ಸೇವ್ ಆಗದ ಕೆಲಸ ಹೋಯಿತು ಅಂತಲೇ ಲೆಕ್ಕ. ಗಿರಾಕಿಯ ಅರ್ಜಿ ಅರ್ಧ ತುಂಬಿಟ್ಟಿದ್ದರೆ ಎಚ್ಚರ.

ಎಕ್ಸ್‌ಪ್ಲೋರರ್ ಅಂತ ಬಂದರೆ ಅದನ್ನು ಕೊಲ್ಲಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ವಿಂಡೋಸ್ ಎಕ್ಸ್‌ಪ್ಲೋರರ್ ಎಂಬ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಟಾಸ್ಕ್‌ಬಾರ್ ಒಂದು ಕ್ಷಣ ಮಾಯವಾಗಿ ಮತ್ತೆ ಬರುತ್ತದೆ, ಹೆದರಬೇಡಿ. ಆಂಟಿವೈರಸ್ ಹೆಸರು ಬಂದರೆ ಅದು ಸ್ಕ್ಯಾನ್ ಮಾಡುತ್ತಿದೆ, ಸ್ವಲ್ಪ ಹೊತ್ತು ಬಿಡಿ.

ದಿನಾ ಈ ತೊಂದರೆ ಬರುವುದಾದರೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. 2022ರಲ್ಲಿ ಅದಕ್ಕೆ ಫೈಲ್ ಲಾಕ್‌ಸ್ಮಿತ್ ಎಂಬ ಸಲಕರಣೆ ಸೇರಿಸಿದರು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದರ ಹೆಸರು ಬರುತ್ತದೆ. ಒತ್ತಿದರೆ ಹಿಡಿದುಕೊಂಡ ಪ್ರೋಗ್ರಾಂಗಳ ಪಟ್ಟಿ ಕೊಡುತ್ತದೆ, ಅಲ್ಲಿಂದಲೇ ನಿಲ್ಲಿಸಬಹುದು. ಸ್ಟಾರ್ಟ್ ಮೆನುವಿನ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ‘ಅನ್‌ಲಾಕರ್ ಫ್ರೀ ಡೌನ್‌ಲೋಡ್’ ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನು ಹಾಕಬೇಡಿ. ಅಂಥವುಗಳ ಜೊತೆ ಜಾಹೀರಾತು ತುರುಕುವ ಟೂಲ್‌ಬಾರ್‌ಗಳು, ಕೆಲವೊಮ್ಮೆ ವೈರಸ್ಸೇ ಒಳಗೆ ಬರುತ್ತದೆ. ಜನರ ಆಧಾರ್ ಇರುವ ಸಿಸ್ಟಂನಲ್ಲಿ ಆ ಅಪಾಯ ಬೇಡವೇ ಬೇಡ.

ನಿಮ್ಮದು ಶೇರ್ ಮಾಡಿದ ಫೋಲ್ಡರ್ ಆದ್ದರಿಂದ ಇನ್ನೊಂದು ಸಾಧ್ಯತೆ ಇದೆ, ನನಗೆ ಇದರ ಮೇಲೇ ಅನುಮಾನ ಜಾಸ್ತಿ. ಈ ಸಿಸ್ಟಂನಲ್ಲಿ ನೀವು ಎಲ್ಲಾ ಮುಚ್ಚಿದ್ದೀರಿ, ಆ ಸಿಸ್ಟಂನಲ್ಲಿ ಅದೇ ಪಿಡಿಎಫ್ ತೆರೆದೇ ಇದೆ. ಆಗ ರಿಸೋರ್ಸ್ ಮಾನಿಟರ್ ಪ್ರೋಗ್ರಾಂ ಹೆಸರು ಕೊಡುವುದಿಲ್ಲ, ಬರೀ ‘ಸಿಸ್ಟಂ’ ಎಂಬ ಹೆಸರು ತೋರಿಸುತ್ತದೆ. ಅದು ವಿಂಡೋಸ್‌ನ ಮೂಲ ಭಾಗ, ಅದನ್ನು ನಿಲ್ಲಿಸಲು ಹೋಗಬಾರದು. ಮೊದಲು ಎದ್ದು ಹೋಗಿ ಆ ಸಿಸ್ಟಂ ನೋಡಿ. ಅಲ್ಲೂ ಏನೂ ಕಾಣದಿದ್ದರೆ ಫೋಲ್ಡರ್ ಇರುವ ಸಿಸ್ಟಂನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಡಗಡೆ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್. ನೆಟ್‌ವರ್ಕ್ ಮೂಲಕ ಯಾರು ಯಾವ ಫೈಲ್ ತೆರೆದಿದ್ದಾರೆ ಅನ್ನುವುದು ಅಲ್ಲಿ ಸಾಲಾಗಿ ಇರುತ್ತದೆ. ರೈಟ್ ಕ್ಲಿಕ್ ಮಾಡಿ ಕ್ಲೋಸ್ ಓಪನ್ ಫೈಲ್ ಕೊಟ್ಟರೆ ಬಿಡುಗಡೆ.

ವರ್ಡ್ ಫೈಲ್ ಇರುವ ಕಡೆ ~$ ಚಿಹ್ನೆಯಿಂದ ಶುರುವಾಗುವ ಸಣ್ಣ ಅಡಗಿದ ಫೈಲ್ ಕಂಡರೆ ಗಾಬರಿ ಬೇಡ. ‘ಇದನ್ನು ಇಂಥವರು ತೆರೆದಿದ್ದಾರೆ’ ಅಂತ ವರ್ಡ್ ತಾನೇ ಬರೆದಿಡುವ ಚೀಟಿ ಅದು. ಕರೆಂಟ್ ಹೋಗಿ ಸಿಸ್ಟಂ ಆಫ್ ಆದರೆ ಆ ಚೀಟಿ ಅಲ್ಲೇ ಉಳಿದುಬಿಡುತ್ತದೆ. ಎರಡೂ ಸಿಸ್ಟಂನಲ್ಲಿ ವರ್ಡ್ ಮುಚ್ಚಿದೆ ಅಂತ ಖಾತ್ರಿಯಾದರೆ ಅದನ್ನು ಅಳಿಸಬಹುದು.

ಪ್ರಿಂಟ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ನೀವು ಕೇಳಿಲ್ಲ, ಆದರೆ ಜೆರಾಕ್ಸ್ ಅಂಗಡಿಗೆ ಇದು ಬೇಕು. ಸಿಕ್ಕಿಹಾಕಿಕೊಂಡ ಪ್ರಿಂಟ್ ‘ಡಿಲೀಟಿಂಗ್’ ಅಂತ ತೋರಿಸುತ್ತಾ ಗಂಟೆಗಟ್ಟಲೆ ಕೂತುಬಿಡುತ್ತದೆ. ಅದನ್ನು ಹಿಡಿದಿರುವುದು ಪ್ರಿಂಟ್ ಸ್ಪೂಲರ್ ಎಂಬ ಸರ್ವಿಸ್, ಅಂದರೆ ಕಿಟಕಿ ಇಲ್ಲದೆ ಹಿಂದೆ ಓಡುವ ಪ್ರೋಗ್ರಾಂ. ಸ್ಟಾರ್ಟ್‌ನಲ್ಲಿ ಸರ್ವಿಸಸ್ ಹುಡುಕಿ ತೆರೆದು, ಪ್ರಿಂಟ್ ಸ್ಪೂಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್ ಇದೆ. ಅದರ ಒಳಗಿನ ಫೈಲ್‌ಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಅಲ್ಲೇ ಬಿಡಿ. ಮತ್ತೆ ಸರ್ವಿಸ್ ಸ್ಟಾರ್ಟ್ ಮಾಡಿ. ಸಾಲಿನಲ್ಲಿದ್ದ ಬೇರೆ ಪ್ರಿಂಟ್‌ಗಳೂ ಹೋಗುತ್ತವೆ, ಅವನ್ನು ಮತ್ತೆ ಕೊಡಬೇಕು.

ಯಾರು ಹಿಡಿದಿದ್ದಾರೆ ಅಂತ ತಿಳಿಯಲೇ ಇಲ್ಲ ಅಂದರೆ ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡುವುದು ಬೇರೆ, ರೀಸ್ಟಾರ್ಟ್ ಬೇರೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಕೊಟ್ಟಾಗ ವಿಂಡೋಸ್‌ನ ಒಳಭಾಗವನ್ನೂ ಡ್ರೈವರ್‌ಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು ಬೆಳಗ್ಗೆ ಹಾಗೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ‘ರಾತ್ರಿ ಆಫ್ ಮಾಡಿ ಬೆಳಗ್ಗೆ ಹಚ್ಚಿದರೂ ಹಾಗೇ ಇದೆ’ ಅನ್ನುವವರ ಸಮಸ್ಯೆ ಎಷ್ಟೋ ಸಲ ಇಲ್ಲೇ ಇರುತ್ತದೆ.

ರೀಸ್ಟಾರ್ಟ್ ಆದ ತಕ್ಷಣ ಮತ್ತೆ ಹಿಡಿದುಕೊಂಡರೆ ಕೊನೆಯ ದಾರಿ ಸೇಫ್ ಮೋಡ್. ಅಲ್ಲಿ ತೀರಾ ಬೇಕಾದವು ಮಾತ್ರ ಓಡುತ್ತವೆ. ಶಿಫ್ಟ್ ಕೀ ಹಿಡಿದು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಹೋಗಿ ರೀಸ್ಟಾರ್ಟ್ ಕೊಟ್ಟು 4 ಒತ್ತಿ. ವಿಂಡೋಸ್ 11ರಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದ್ದರೆ) ಇಲ್ಲಿ 48 ಅಂಕಿಯ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯಾ ಅಂತ ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ನಡುವೆ ಸಿಕ್ಕಿಹಾಕಿಕೊಂಡ ಮೇಲೆ ಹುಡುಕುವುದು ಕಷ್ಟ.

ಈಗ ಹಳೆಯ ಹಾರ್ಡ್ ಡಿಸ್ಕ್. ವಿಂಡೋಸ್‌ನಲ್ಲಿ ಪ್ರತಿ ಫೈಲಿಗೂ ಒಬ್ಬ ಓನರ್ ಇರುತ್ತಾನೆ. ಓನರನ್ನು ಅದು ಹೆಸರಿನಿಂದ ಗುರುತಿಸುವುದಿಲ್ಲ, ಒಂದು ಉದ್ದ ಸಂಖ್ಯೆಯಿಂದ ಗುರುತಿಸುತ್ತದೆ. ಹಳೆಯ ಕಂಪ್ಯೂಟರಿನಲ್ಲೂ ನಿಮ್ಮದೇ ಹೆಸರಿನ ಖಾತೆ ಇತ್ತು, ಇಲ್ಲೂ ಅದೇ ಹೆಸರು ಇದೆ. ಆದರೆ ಸಂಖ್ಯೆ ಬೇರೆ. ಹಾಗಾಗಿ ನಿಮ್ಮದೇ ಫೈಲಿಗೆ ನೀವೇ ಹೊರಗಿನವರು. ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದ ಸಾಲು ಕಾಣುತ್ತದೆ. ಅದೇ ಹಳೆಯ ಖಾತೆಯ ಗುರುತು.

ಓನರ್ ಬದಲಿಸುವುದು ಹೀಗೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್. ಮೇಲ್ಗಡೆ ಓನರ್ ಅಂತ ಇರುವ ಕಡೆ ಚೇಂಜ್ ಒತ್ತಿ ನಿಮ್ಮ ಈಗಿನ ಖಾತೆಯ ಹೆಸರು ಬರೆದು ಚೆಕ್ ನೇಮ್ಸ್ ಕೊಡಿ. ಹೆಸರಿನ ಕೆಳಗೆ ಗೆರೆ ಬಿದ್ದರೆ ಸರಿಯಾಗಿದೆ. ಓಕೆ ಕೊಟ್ಟ ಮೇಲೆ ಒಳಗಿನ ಫೋಲ್ಡರ್‌ಗಳ ಓನರನ್ನೂ ಬದಲಿಸು ಎಂಬ ಚೌಕಕ್ಕೆ ಟಿಕ್ ಹಾಕಿ ಅಪ್ಲೈ ಮಾಡಿ. ಕಿಟಕಿ ಪೂರ್ತಿ ಮುಚ್ಚಿ ಮತ್ತೆ ಸೆಕ್ಯುರಿಟಿಗೆ ಬಂದು ನಿಮ್ಮ ಖಾತೆಗೆ ಫುಲ್ ಕಂಟ್ರೋಲ್ ಕೊಡಿ. ಓನರ್ ಆದ ಮಾತ್ರಕ್ಕೆ ಅಳಿಸುವ ಹಕ್ಕು ಬರುವುದಿಲ್ಲ, ಹಕ್ಕು ಕೊಟ್ಟುಕೊಳ್ಳುವ ಅಧಿಕಾರ ಬರುತ್ತದೆ. ಈ ಎರಡನೇ ಹೆಜ್ಜೆ ಬಿಟ್ಟು ‘ಓನರ್ ಬದಲಿಸಿದರೂ ಆಗಲಿಲ್ಲ’ ಅನ್ನುವವರು ಬಹಳ.

ಆದರೆ ನಿಮಗೆ ಇಷ್ಟೆಲ್ಲ ಬೇಕಾ ಅಂತ ಯೋಚಿಸಿ. ಆ ಡಿಸ್ಕಿನಿಂದ ಬೇಕಾದ ಫೋಲ್ಡರ್ ಒಂದೆರಡು ಇದ್ದರೆ ಅವಕ್ಕಷ್ಟೇ ಈ ಕೆಲಸ ಮಾಡಿ ನಕಲು ತೆಗೆದುಕೊಳ್ಳಿ. ಉಳಿದದ್ದು ಪೂರ್ತಿ ಬೇಡವಾದರೆ ನಿಮ್ಮ ಅಣ್ಣ ಹೇಳಿದ ಫಾರ್ಮ್ಯಾಟ್ ಆ ಒಂದು ಡಿಸ್ಕಿಗೆ ಸರಿಯಾದ ದಾರಿ. ಫಾರ್ಮ್ಯಾಟ್ ಒಂದೊಂದು ಫೈಲಿನ ಪರ್ಮಿಷನ್ ಕೇಳುತ್ತಾ ಕೂರುವುದಿಲ್ಲ.

ಈ ಓನರ್ ಬದಲಿಸುವ ಉಪಾಯವನ್ನು ನಿಮ್ಮ ಸಿ ಡ್ರೈವ್‌ನ ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳ ಮೇಲೆ ಮಾತ್ರ ಯಾವತ್ತೂ ಮಾಡಬೇಡಿ. ಅಲ್ಲಿನ ಎಷ್ಟೋ ಫೈಲ್‌ಗಳಿಗೆ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬುದು ಓನರ್ ಆಗಿರುತ್ತದೆ. ವಿಂಡೋಸ್ ವಿಸ್ತಾ ಕಾಲದಿಂದ ಬಂದ ಕಾವಲು ಅದು. ಅದನ್ನು ಮುರಿದು ಅಳಿಸಿದರೆ ಮುಂದಿನ ಸಲ ಸಿಸ್ಟಂ ಏಳದೇ ಹೋಗಬಹುದು. ಬೇಡವಾದ ಪ್ರೋಗ್ರಾಂ ಇದ್ದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ, ಫೋಲ್ಡರ್ ಅಳಿಸಬೇಡಿ. ಅಪ್‌ಗ್ರೇಡ್ ಆದಾಗ ಹಳೆಯ ವಿಂಡೋಸನ್ನು ಎತ್ತಿಡುವ ವಿಂಡೋಸ್ ಓಲ್ಡ್ ಎಂಬ ದೊಡ್ಡ ಫೋಲ್ಡರ್ ಜಾಗ ತಿನ್ನುತ್ತಿದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ಮೂಲಕ ತೆಗೆಯಿರಿ. ಅಪ್‌ಗ್ರೇಡ್ ಆದ 10 ದಿನದ ನಂತರ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ.

ಕಣ್ಣಿಗೆ ಕಂಡರೂ ‘ಇಲ್ಲಿ ಇಲ್ಲ’ ಅನ್ನುವ ಫೋಲ್ಡರಿನ ಕಥೆ ಹೆಸರಿನಲ್ಲಿದೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಅಥವಾ ಚುಕ್ಕೆ ಇದ್ದರೆ ಎಕ್ಸ್‌ಪ್ಲೋರರ್ ಅದನ್ನು ತಾನೇ ಕತ್ತರಿಸಿ ಹುಡುಕುತ್ತದೆ. ಕತ್ತರಿಸಿದ ಹೆಸರಿನ ಫೋಲ್ಡರ್ ಅಲ್ಲಿ ನಿಜಕ್ಕೂ ಇರುವುದಿಲ್ಲ, ಆದ್ದರಿಂದ ಈ ಉತ್ತರ. ಎಕ್ಸ್‌ಪ್ಲೋರರ್‌ನಲ್ಲಿ ಅಂಥ ಹೆಸರು ಇಡಲು ಬರುವುದಿಲ್ಲ. ಬೇರೆ ಥರದ ಕಂಪ್ಯೂಟರಿನಲ್ಲಿ ಮಾಡಿದ ಫೋಲ್ಡರ್, ಜಿಪ್ ಬಿಡಿಸಿದಾಗ ಬಂದದ್ದು, ಕೆಲವು ಸಾಫ್ಟ್‌ವೇರ್ ತಾವೇ ಮಾಡಿದ್ದು, ಹೀಗೆ ಒಳಗೆ ಬರುತ್ತದೆ. ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲಾದ ಕೆಲವು ಹೆಸರುಗಳೂ ಇವೆ. ಕಾನ್, ಪಿಆರ್‌ಎನ್, ಆಕ್ಸ್, ನಲ್, ಕಾಮ್1, ಎಲ್‌ಪಿಟಿ1 ಇಂಥವು. ಆ ಹೆಸರಿನ ಫೋಲ್ಡರ್ ಹೇಗೋ ಬಂದು ಸೇರಿದರೆ ಅದೂ ಹೀಗೇ ಕಾಡುತ್ತದೆ.

ಮೂರನೇ ಕಾರಣ ಉದ್ದ. ಡ್ರೈವ್ ಅಕ್ಷರದಿಂದ ಹಿಡಿದು ಫೈಲ್ ಹೆಸರಿನ ಕೊನೆಯವರೆಗೆ ಇಡೀ ದಾರಿ 260 ಅಕ್ಷರ ಮೀರಬಾರದು ಎಂಬ ಹಳೆಯ ಮಿತಿ ಎಕ್ಸ್‌ಪ್ಲೋರರ್‌ನಲ್ಲಿ ಇನ್ನೂ ಕಾಡುತ್ತದೆ. ಇದು ನಮಗೆ ಕನ್ನಡದವರಿಗೆ ಬೇಗ ತಟ್ಟುತ್ತದೆ. ಯುನಿಕೋಡ್‌ನಲ್ಲಿ ‘ಪ್ರಮಾಣಪತ್ರ’ ಅಂತ ಹೆಸರಿಟ್ಟರೆ ನಮ್ಮ ಕಣ್ಣಿಗೆ 5 ಅಕ್ಷರ. ಕಂಪ್ಯೂಟರಿಗೆ 10. ಒತ್ತಕ್ಷರ, ದೀರ್ಘ, ನಡುವಿನ ವಿರಾಮ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಊರು, ಸರ್ವೆ ನಂಬರ್, ಗಿರಾಕಿಯ ಪೂರ್ತಿ ಹೆಸರು ಹಾಕಿ ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದರೆ ಮಿತಿ ಮುಟ್ಟಲು ತಡವಾಗುವುದಿಲ್ಲ. ಕನ್ನಡದಲ್ಲಿ ಹೆಸರಿಡುವುದು ತಪ್ಪಲ್ಲ, ದಯವಿಟ್ಟು ಇಡಿ. ಫೋಲ್ಡರ್‌ಗಳ ಆಳ ಕಡಿಮೆ ಮಾಡಿ, ಅಷ್ಟೇ.

ಉದ್ದದ ತೊಂದರೆಗೆ ಸುಲಭ ಉಪಾಯ ಇದೆ. ಹೊರಗಿನ ಫೋಲ್ಡರ್‌ಗಳ ಹೆಸರನ್ನು ಒಂದೊಂದು ಅಕ್ಷರಕ್ಕೆ ಇಳಿಸುತ್ತಾ ಬಂದರೆ ದಾರಿ ಚಿಕ್ಕದಾಗಿ ಡಿಲೀಟ್ ಆಗುತ್ತದೆ. ಅದು ಬೇಜಾರಾದರೆ, ಅಥವಾ ಚುಕ್ಕೆ, ಖಾಲಿ ಜಾಗ, ಮೀಸಲು ಹೆಸರಿನ ತೊಂದರೆಯಾದರೆ, 7-ಜಿಪ್ ಸಾಫ್ಟ್‌ವೇರ್ ಬಳಸಿ. ಜಿಪ್ ಬಿಡಿಸಲು ನಿಮ್ಮಲ್ಲಿ ಇದ್ದೇ ಇರಬಹುದು, ಉಚಿತ. ಸ್ಟಾರ್ಟ್ ಮೆನುವಿನಿಂದ 7-ಜಿಪ್ ಫೈಲ್ ಮ್ಯಾನೇಜರ್ ತೆರೆದು ಆ ಫೋಲ್ಡರ್ ಇರುವ ಜಾಗಕ್ಕೆ ಹೋಗಿ, ಫೋಲ್ಡರ್ ಆರಿಸಿ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಅದು ಹೆಸರನ್ನು ಕತ್ತರಿಸದೆ ಇದ್ದ ಹಾಗೇ ವಿಂಡೋಸ್‌ಗೆ ಕೊಡುತ್ತದೆ, 260 ಅಕ್ಷರದ ಮಿತಿಯೂ ಅದಕ್ಕಿಲ್ಲ. ನಿಮ್ಮ ಮೂರನೇ ತೊಂದರೆ ಇಷ್ಟಕ್ಕೇ ಮುಗಿಯಬೇಕು.

ಪೆನ್ ಡ್ರೈವ್ ವಿಷಯದಲ್ಲಿ ಮಾತ್ರ ಅಳಿಸುವ ಆತುರ ಬೇಡ. ಸಾವಳಗಿಯಿಂದ, ಹುನ್ನೂರಿನಿಂದ ಬಂದ ಗಿರಾಕಿ ತನ್ನ ಮಗಳ ಫೋಟೋ, ಜಾತಿ ಪ್ರಮಾಣಪತ್ರ ಎಲ್ಲವನ್ನೂ ಅದರಲ್ಲೇ ಇಟ್ಟಿರುತ್ತಾನೆ. ಶಾರ್ಟ್‌ಕಟ್ ವೈರಸ್ ಮಾಡುವ ಕೆಲಸ ಏನೆಂದರೆ, ನಿಜವಾದ ಫೈಲ್‌ಗಳನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಡಬಲ್ ಕ್ಲಿಕ್ ಮಾಡಿದರೆ ವೈರಸ್ ಓಡುತ್ತದೆ. ಜನ ‘ಫೈಲ್ ಹೋಗಿಬಿಟ್ಟವು’ ಅಂದುಕೊಂಡು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡುತ್ತಾರೆ. ನಿಜಕ್ಕೂ ಫೈಲ್ ಹೋಗುವುದು ಆಗಲೇ.

ಅಳಿಸಿದರೂ ಮತ್ತೆ ಬರುತ್ತದೆ ಅಂದರೆ ವೈರಸ್ ನಿಮ್ಮ ಸಿಸ್ಟಂನಲ್ಲೇ ಓಡುತ್ತಿದೆ. ಪೆನ್ ಡ್ರೈವ್ ಮೇಲಿನದನ್ನು ಎಷ್ಟು ಒರೆಸಿದರೂ ಅದು ಮತ್ತೆ ಬರೆಯುತ್ತದೆ. ಹಾಗಾಗಿ ಪೆನ್ ಡ್ರೈವ್ ತೆಗೆದಿಡಿ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಸಿಸ್ಟಂ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸ್ಕ್ಯಾನ್ ನಡೆಯುತ್ತದೆ. ವೈರಸ್ ಓಡದೇ ಇರುವಾಗ ಹಿಡಿಯುವುದರಿಂದ ಅದಕ್ಕೆ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಸುಮಾರು 15 ನಿಮಿಷ ಬೇಕು. ಎರಡೂ ಸಿಸ್ಟಂನಲ್ಲಿ ಮಾಡಿ, ಒಂದರಲ್ಲಿ ಮಾತ್ರ ಮಾಡಿದರೆ ಪ್ರಯೋಜನ ಇಲ್ಲ.

ಆಮೇಲೆ ಪೆನ್ ಡ್ರೈವ್ ಹಾಕಿ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನ ಶೋ ಒಳಗೆ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ. ಅಷ್ಟು ಸಾಲುವುದಿಲ್ಲ, ಫೋಲ್ಡರ್ ಆಪ್ಷನ್ಸ್ ಒಳಗೆ ‘ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್ ಅಡಗಿಸು’ ಎಂಬ ಸಾಲಿನ ಟಿಕ್ ಸಹ ತೆಗೆಯಬೇಕು. ಆಗ ಮಸುಕು ಬಣ್ಣದ ಫೋಲ್ಡರ್‌ಗಳು ಕಾಣುತ್ತವೆ. ಎಷ್ಟೋ ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಇರುತ್ತದೆ, ಗಿರಾಕಿಯ ಸಾಮಾನೆಲ್ಲ ಅದರೊಳಗೇ ಇರುತ್ತದೆ. ಅದನ್ನು ತೆರೆದು ಫೋಟೋ, ಪಿಡಿಎಫ್, ವರ್ಡ್ ಫೈಲ್‌ಗಳನ್ನು ಮಾತ್ರ ಆರಿಸಿ ಸಿಸ್ಟಂನಲ್ಲಿ ಹೊಸ ಫೋಲ್ಡರಿಗೆ ನಕಲು ಮಾಡಿ. ಶಾರ್ಟ್‌ಕಟ್, ಗುರುತು ಸಿಗದ ಫೈಲ್ ಯಾವುದನ್ನೂ ತೆರೆಯಬೇಡಿ. ನಕಲು ತೆಗೆದದ್ದು ಸರಿಯಾಗಿ ತೆರೆಯುತ್ತದೆ ಅಂತ ನೋಡಿಕೊಂಡ ಮೇಲೆ, ಗಿರಾಕಿಯನ್ನು ಕೇಳಿ, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ ಫೈಲ್ ವಾಪಸ್ ಹಾಕಿಕೊಡಿ. ಮುಗಿದ ಮೇಲೆ ಆ ಎರಡು ಸೆಟ್ಟಿಂಗ್ ಮೊದಲಿನಂತೆ ಮಾಡಿ.

ಫೈಲ್ ಹೆಸರೇ ಚೌಕ ಚೌಕವಾಗಿ, ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದರೆ ಅದು ವೈರಸ್ ಅಲ್ಲದೇ ಇರಬಹುದು, ಪೆನ್ ಡ್ರೈವ್‌ನ ಲೆಕ್ಕದ ಪಟ್ಟಿ ಕೆಟ್ಟಿರುತ್ತದೆ. ಸಿಕ್ಕಷ್ಟು ನಕಲು ಮಾಡಿಕೊಂಡು, ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ. ನಕಲು ಮೊದಲು, ಚೆಕ್ ಆಮೇಲೆ. ‘ರೈಟ್ ಪ್ರೊಟೆಕ್ಟೆಡ್’ ಅಂತ ಬಂದರೆ ಮೆಮರಿ ಕಾರ್ಡ್ ಅಡಾಪ್ಟರ್ ಪಕ್ಕದ ಸಣ್ಣ ಗುಂಡಿ ನೋಡಿ. ಗುಂಡಿಯೇ ಇಲ್ಲದ ಪೆನ್ ಡ್ರೈವ್ ಹಾಗೆ ಹೇಳಿದರೆ ಅದರ ಚಿಪ್ ಸವೆದಿರಬಹುದು. ಅಂಥದ್ದಕ್ಕೆ ಯಾವ ಸಾಫ್ಟ್‌ವೇರೂ ಬರುವುದಿಲ್ಲ, ಫೈಲ್ ತೆಗೆದುಕೊಂಡು ಅದನ್ನು ಒಡೆದುಹಾಕಿ.

ವೈರಸ್ ಇಲ್ಲದೆಯೂ ಅಳಿಸಿದ್ದು ವಾಪಸ್ ಬರುವುದುಂಟು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಒನ್‌ಡ್ರೈವ್‌ಗೆ ಜೋಡಿಸಿದ್ದರೆ ಅಲ್ಲಿಂದ ಮತ್ತೆ ಇಳಿಯಬಹುದು. ಗಿರಾಕಿಗಳ ಕಾಗದ ಇಡುವ ಫೋಲ್ಡರನ್ನು ಒನ್‌ಡ್ರೈವ್ ಹೊರಗೆ ಇಡುವುದೇ ಒಳ್ಳೆಯದು. ಯಾಕೆಂದರೆ ಇಲ್ಲಿ ಅಳಿಸಿದ್ದು ಒನ್‌ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಉಳಿದಿರುತ್ತದೆ.

ದಿನಾ ಸಂಜೆ ಗಿರಾಕಿಗಳ ಕಾಗದ ಅಳಿಸುತ್ತೀರಿ ಅಂತ ಬರೆದಿದ್ದೀರಿ. ಓದಿ ನಿಜಕ್ಕೂ ಸಂತೋಷವಾಯಿತು. ಜನ ನಂಬಿ ಕೊಡುವ ಕಾಗದ ಅದು. ಆದ್ದರಿಂದ ಅಳಿಸಿದ್ದು ನಿಜವಾಗಿ ಹೋಯಿತಾ ಅನ್ನುವುದನ್ನೂ ನೋಡಬೇಕು. ಬರೀ ಡಿಲೀಟ್ ಒತ್ತಿದರೆ ಫೈಲ್ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಅಥವಾ ಬಿನ್ ಖಾಲಿ ಮಾಡಿ. ಎರಡನೇ ಸಿಸ್ಟಂನಿಂದ ಶೇರ್ ಫೋಲ್ಡರಿನಲ್ಲಿ ಅಳಿಸಿದ್ದು ಬಿನ್‌ಗೆ ಹೋಗುವುದೇ ಇಲ್ಲ, ನೇರ ಹೋಗುತ್ತದೆ. ಹಾಗಾಗಿ ಅಲ್ಲಿ ತಪ್ಪಿ ಅಳಿಸಿದರೆ ವಾಪಸ್ ತರಲು ದಾರಿ ಇಲ್ಲ ಅಂದುಕೊಂಡೇ ಒತ್ತಿ. ವಾಟ್ಸಾಪ್ ವೆಬ್‌ನಲ್ಲಿ ಬಂದ ಆಧಾರ್‌ಗಳು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ರಾಶಿ ಬಿದ್ದಿರುತ್ತವೆ, ಅವು ನೆನಪಿಗೇ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಸೆನ್ಸ್‌ನಲ್ಲಿ ಡೌನ್‌ಲೋಡ್ಸ್‌ಗೆ 1 ದಿನ ಅಥವಾ 14 ದಿನ ಅಂತ ಇಟ್ಟರೆ, ಅಷ್ಟು ದಿನ ತೆರೆಯದ ಫೈಲನ್ನು ಅದೇ ತೆಗೆಯುತ್ತದೆ. ಇಡುವ ಮೊದಲು ನಿಮಗೆ ಬೇಕಾದದ್ದನ್ನು ಬೇರೆ ಫೋಲ್ಡರಿಗೆ ಸಾಗಿಸಿ.

ಬಿನ್ ಖಾಲಿ ಮಾಡಿದ ಮೇಲೂ ಹಳೆಯ ಥರದ ಹಾರ್ಡ್ ಡಿಸ್ಕಿನಲ್ಲಿ ಹೋಗುವುದು ಹೆಸರಿನ ಲೆಕ್ಕ ಮಾತ್ರ. ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಒಳಗಿನದ್ದು ಉಳಿದಿರುತ್ತದೆ, ರಿಕವರಿ ಸಾಫ್ಟ್‌ವೇರ್ ಇದ್ದವರು ತೆಗೆಯಬಹುದು. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಬರೆದಿಡುವ ಹೊಸ ಥರದ ಡಿಸ್ಕ್, ಅಂದರೆ ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಅಳಿಸಿದ ಜಾಗ ಖಾಲಿ ಅಂತ ವಿಂಡೋಸ್ ಅದಕ್ಕೆ ತಿಳಿಸುತ್ತದೆ, ಅದು ತಾನೇ ಒಳಗೆ ಒರೆಸಿಕೊಳ್ಳುತ್ತದೆ. ವಾಪಸ್ ತರುವುದು ಬಹಳ ಕಷ್ಟ.

ಹಾಗಾಗಿ ನಿಮ್ಮ ಆ ಹಳೆಯ ಹಾರ್ಡ್ ಡಿಸ್ಕನ್ನು ಯಾರಿಗಾದರೂ ಕೊಡುವ, ಗುಜರಿಗೆ ಹಾಕುವ ಮೊದಲು ಒಂದು ಕೆಲಸ ಮಾಡಿ. ಬೇಕಾದದ್ದನ್ನು ನಕಲು ತೆಗೆದ ಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆರಿಸಿ, ಕ್ವಿಕ್ ಫಾರ್ಮ್ಯಾಟ್ ಎಂಬ ಟಿಕ್ ತೆಗೆದು ಶುರು ಮಾಡಿ. ಕ್ವಿಕ್ ಅಂದರೆ ಪಟ್ಟಿ ಮಾತ್ರ ಅಳಿಯುತ್ತದೆ. ಟಿಕ್ ತೆಗೆದರೆ ವಿಸ್ತಾದಿಂದ ಈಚಿನ ವಿಂಡೋಸ್‌ಗಳು ಆ ಡ್ರೈವ್ ತುಂಬಾ ಸೊನ್ನೆ ಬರೆಯುತ್ತವೆ. ಡಿಸ್ಕಿನಲ್ಲಿ ಎರಡು ಮೂರು ಡ್ರೈವ್ ಅಕ್ಷರ ಇದ್ದರೆ ಎಲ್ಲಕ್ಕೂ ಮಾಡಬೇಕು. 500 ಜಿಬಿ ಡಿಸ್ಕಿಗೆ ಒಂದೆರಡು ಗಂಟೆ, ಹಳೆಯದಾದರೆ ಇನ್ನೂ ಜಾಸ್ತಿ ಹಿಡಿಯಬಹುದು. ಯುಪಿಎಸ್ ಇರುವ ಸಿಸ್ಟಂನಲ್ಲಿ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಹಚ್ಚಿ. ಶುರು ಒತ್ತುವ ಮೊದಲು ಡ್ರೈವ್‌ನ ಅಕ್ಷರ ಮತ್ತು ಸೈಜ್ ಎರಡನ್ನೂ ನೋಡಿ, ಅಣ್ಣನನ್ನೂ ಕರೆದು ತೋರಿಸಿ. ಇಲ್ಲಿ ತಪ್ಪು ಡ್ರೈವ್ ಆರಿಸಿದರೆ ಯಾರಿಂದಲೂ ವಾಪಸ್ ತರಲು ಆಗುವುದಿಲ್ಲ.